ಹಳತು ಮಾಡುವ ರಾತ್ರಿ

ಮನಾಮದ ಸೂಕಿನಿಂದ ಮೂವತ್ತೆಂಟು ದಿನಾರಿಗೆ
ಐತಪ್ಪ ತಂದ ಟೇಪ್‌ರೆಕಾರ್ಡರು:
ಕ್ಯಾಸೆಟ್ಟಿಗೆ ಎರಡು ಬಾಯಿ, ನಾಲ್ಕು ಬ್ಯಾಂಡಿನ ರೇಡಿಯೊ,
ಹಾಡಿಗೆ ತಕ್ಕ ಹಾಗೆ ಕುಣಿಯುವ ಕೆಂಪು ದೀಪ.
ಭಾವ ಕೇಳಿ ತರಿಸಿದ್ದು. ತಂಗಿಯ ಮದುವೆಯಾಗಿ ಎಂಟು ತಿಂಗಳು.
ಪೆಟ್ಟಿಗೆ ತೆರೆದಾಗ ಒಂದು ವಾಸನೆ ಬಂತಲ್ಲ,
ಥರ್ಮೋಕೋಲಿನದು, ಪ್ಲಾಸ್ಟಿಕ್ಕಿನದು, ಯಾರೂ ಉಸಿರಾಡದ ಗಾಳಿಯದು,
ಏಳು ಜನರ ನಮ್ಮ ಕೋಣೆಯಲ್ಲಿ
ಅಂಥ ಗಾಳಿ ಅದೊಂದೇ.

‘ಹೊಸತು ಅಂತ ಗೊತ್ತಾದರೆ ಮುಗಿಯಿತು’ ಎಂದ ಹಸನಬ್ಬ,
ಮೂರು ಸಲ ಊರಿಗೆ ಹೋಗಿ ಬಂದವ,
ಬೊಂಬಾಯಿ ಕಸ್ಟಮ್ಸಿನ ಮೇಜಿನ ಉದ್ದಗಲ ಬಲ್ಲವ.
‘ಕೊಟ್ಟ ಬೆಲೆಯ ಮೇಲೆ ಇನ್ನೊಂದು ಬೆಲೆ ಕೇಳುತ್ತಾರೆ.
ಬಳಸಿದ್ದಾದರೆ ಸೀಮೆಸುಣ್ಣದಲ್ಲಿ
ಒಂದು ಗೀಟು ಎಳೆದು ಬಿಡುತ್ತಾರೆ.
ಹಳತು ಮಾಡಬೇಕು ಮಾರಾಯ, ಈ ರಾತ್ರಿಯೇ.’

ಪಿಯೂಸ್ ಮೊದಲು ಗಾಜಿನ ಮೇಲಿನ ತೆಳು ಹಾಳೆ ಕಿತ್ತ,
ಬಿಸಾಡಲು ಮನಸ್ಸಾಗದೆ ಕತ್ತರಿಸಿ
ತನ್ನ ಕೈಗಡಿಯಾರಕ್ಕೆ ಅಂಟಿಸಿಕೊಂಡ.
ಮೀನುಸಾರು ಉಂಡ ಕೈಯಲ್ಲೇ ನಾನು
ಗುಂಡಿಗಳನ್ನೆಲ್ಲ ಒಂದೊಂದಾಗಿ ಒತ್ತಿದೆ.
ಕೊಗ್ಗ ಹಿಡಿಕೆಗೆ ತೆಂಗಿನೆಣ್ಣೆ ಸವರಿ
ಕೆಲಸದ ಅಂಗಿ ಕೊಡವಿ ಸಿಮೆಂಟಿನ ಧೂಳು ಉದುರಿಸಿದ,
ಮದುಮಗನಿಗೆ ಪೌಡರು ಹಾಕಿದ ಹಾಗೆ.

‘ಮೂಲೆಯಲ್ಲೊಂದು ಗೀರು ಬೇಕು’ ಎಂದ ಹಸನಬ್ಬ.
ಬೀಗದ ಕೈ ಹಿಡಿದುಕೊಂಡು ಐತಪ್ಪ
ಎಷ್ಟೋ ಹೊತ್ತು ಸುಮ್ಮನೆ ಕೂತ.
‘ಭಾವ ಕೇಳಿದರೆ ಎಂತ ಹೇಳಲಿ?’
ಆಮೇಲೆ ‘ನೀವೇ ಯಾರಾದರೂ ಎಳೆಯಿರಿ’ ಎಂದು
ಗೋಡೆಗೆ ತಿರುಗಿದ.

ಮಧ್ಯರಾತ್ರಿ ಹೊಳೆದದ್ದು: ಒಳಗೊಂದು ಕ್ಯಾಸೆಟ್ಟು ಬೇಕಲ್ಲ,
ಮಾತು ತುಂಬಿದ್ದು, ಹಳೆಯದು.
ಅಂಗಡಿಯವ ಪುಕ್ಕಟೆ ಕೊಟ್ಟ ಖಾಲಿಯನ್ನೇ ಹಾಕಿ
ಕೆಂಪು ಗುಂಡಿ, ಕಪ್ಪು ಗುಂಡಿ ಒಟ್ಟಿಗೆ ಒತ್ತಿದೆವು.
ಚಕ್ರ ತಿರುಗಿತು.
ಯಾರಿಗೂ ಮಾತು ಬರಲಿಲ್ಲ.

ಮೊದಲು ಬಿದ್ದದ್ದು ಏಸಿಯ ಗೊರಗೊರ,
ಅದರ ಮೇಲೆ ಕೊಗ್ಗನ ಕೆಮ್ಮು.
ಪಿಯೂಸ್ ಫೋರ್‌ಮನ್ನನಿಗೆ ಎದುರಿನಲ್ಲಿ ಬಯ್ಯಲಾಗದ್ದನ್ನೆಲ್ಲ
ಕೊಂಕಣಿಯಲ್ಲಿ ಬಯ್ದ,
ದೇವರಲ್ಲಿ ಕ್ಷಮೆ ಕೇಳಿದ, ಮತ್ತೊಮ್ಮೆ ಬಯ್ದ.
ಹಸನಬ್ಬ ಮಗಳನ್ನು ಕರೆದ.
ಝುಲೈಖಾ, ಝುಲೈಖಾ,
ಅವಳು ಅಡುಗೆಮನೆಯಲ್ಲೇ ಇದ್ದ ಹಾಗೆ, ಸ್ವಲ್ಪ ಸಿಟ್ಟಿನಿಂದ.
ನಾನು ಎಂತ ಹೇಳಿದೆನೋ.
ಇವತ್ತು ಸೋಮವಾರ, ಸಾರಿಗೆ ಉಪ್ಪು ಕಡಿಮೆ,
ಅಷ್ಟೇ ನೆನಪು.

ಐತಪ್ಪ ಹೋದ ಮೂರನೆಯ ವಾರ ಕಾಗದ ಬಂತು.

‘ತೆಳ್ಳಗಿನ ಮನುಷ್ಯ. ಮೊದಲು ಮೂಸಿ ನೋಡಿದ.
ಗೀರಿನ ಮೇಲೆ ಉಗುರು ಆಡಿಸಿದ.
ಗುಂಡಿ ಒತ್ತಿದ. ಹಸನಬ್ಬ ಕರೆದದ್ದು ಕೇಳಿಸಿತು,
ಅಷ್ಟು ದೊಡ್ಡ ಹಾಲಿನಲ್ಲಿ, ಅಷ್ಟು ಜನರ ಮಧ್ಯೆ.
ಇದ್ಯಾವ ಹಾಡು ಎಂದು ಹಿಂದಿಯಲ್ಲಿ ಕೇಳಿದ.
ಹಾಡಲ್ಲ ಸಾಹೇಬರೇ, ನಮ್ಮ ರೂಮು ಎಂದೆ.
ಇನ್ನೂ ಸ್ವಲ್ಪ ಕೇಳಿದ. ಹಿಂದಿನ ಸಾಲು ಗೊಣಗುತ್ತಿತ್ತು.
ಸೀಮೆಸುಣ್ಣ ಕೈಗೆ ತೆಗೆದುಕೊಂಡಿದ್ದ, ನಿಜವಾಗಿಯೂ.
ಗೀಟು ಹಾಕಲು ಮಗುಚಿದ ನೋಡಿ,
ಬುಡದಲ್ಲಿ ಬೆಲೆಯ ಚೀಟಿ!
ಮೂವತ್ತೆಂಟು. ಕೀಳಲು ಯಾರಿಗೂ ನೆನಪಾಗಿರಲಿಲ್ಲ.
ಪೂರ್ತಿ ಸುಂಕ ಕಟ್ಟಿದೆ.
ಕ್ಯಾಸೆಟ್ಟು ತೆಗೆದು ಕೈಗೆ ಕೊಟ್ಟ,
ಇದಕ್ಕೇನಿಲ್ಲ ಎಂದ.
ಭಾವ ಗೀರು ನೋಡಿದ. ಮಾತಾಡಲಿಲ್ಲ.
ಶುಕ್ರವಾರ ಉಳ್ಳಾಲಕ್ಕೆ ಹೋಗಿ ಝುಲೈಖಾಳಿಗೆ ಕೇಳಿಸಿ ಬರುತ್ತೇನೆ.
ಪಿಯೂಸನ ಬೈಗುಳ ಮಾತ್ರ ಅಳಿಸುವುದು ಹೇಗೆ, ಬರೆಯಿರಿ.’

ಹಸನಬ್ಬ ಎರಡು ಸಲ ಓದಿಸಿದ,
ಅವನು ಕರೆದದ್ದು ಬರುವಲ್ಲಿ ನಿಲ್ಲಿಸಿ.
‘ಅಳಿಸುವುದು ಬೇಡ’ ಎಂದ. ‘ಅವಳಿಗೆ ಕೊಂಕಣಿ ಬರುವುದಿಲ್ಲ.’

ಬರುವ ತಿಂಗಳು ಪಿಯೂಸನ ಸರದಿ.
ಅವನು ವಿಸಿಆರ್ ನೋಡಿಟ್ಟಿದ್ದಾನೆ.