ನಾಲ್ಕು ಮೀಟರ್ ಕಾಲ

ಕೌಲ್ ಬಜಾರಿನ ಜೀನ್ಸ್ ಅಂಗಡಿಯಿಂದ
ಮೆಹಜಬೀನ್ ತಂದಳು, ಖಾಲಿಯಾದ ದಾರದ ರೀಲು.
ಅದಕ್ಕೆ ಸುತ್ತಿದೆವು
ದಾರಕ್ಕಿಂತ ತುಸು ದಪ್ಪ, ಗಾಜಿನಂಥ ಕೊಳವೆ,
ನಾಲ್ಕು ಮೀಟರ್.

ಹನಿ, ಎಣ್ಣೆ, ಹನಿ, ಎಣ್ಣೆ.
ಕಬ್ಬಿಣದ ಉಪ್ಪು ಆ ಕಡೆಯಿಂದ, ಅಮೋನಿಯ ಈ ಕಡೆಯಿಂದ;
ಕೂಡುವ ಮೂಲೆಯಲ್ಲಿ
ಹಳದಿ ಹನಿ ರೆಪ್ಪೆ ಬಡಿಯುವಷ್ಟರಲ್ಲಿ ಕಪ್ಪು.

ಮೊದಲು ಬೀಕರಿನಲ್ಲೇ ಕಲಕುತ್ತಿದ್ದೆವು.
ಅಂಬಲಿಯ ಗಂಟಿನ ಹಾಗೆ
ಒಂದು ಕಣ ದೊಡ್ಡದು, ಒಂದು ಸಣ್ಣದು,
ಯಾವುದು ಯಾವಾಗ ಹುಟ್ಟಿತೋ ಯಾರು ಬಲ್ಲರು.
ಇಲ್ಲಿ ಎಲ್ಲಕ್ಕೂ ಒಂದೇ ಆಯುಸ್ಸು.
ವಯಸ್ಸನ್ನು ಸ್ಕೇಲಿಟ್ಟು ಅಳೆಯಬಹುದು:
ಗೇಣಿಗೆ ಒಂಬತ್ತು ಸೆಕೆಂಡು.

ಹೊರಗೆ ಸಂಡೂರಿನ ಲಾರಿ ಹೋದರೆ
ಕಿಟಕಿ, ಬೆಂಚು, ನನ್ನ ನೋಟುಬುಕ್ಕಿನ ಅಂಚು ಕೆಂಪು.
ಬಳ್ಳಾರಿಯಲ್ಲಿ ಕಬ್ಬಿಣ ಯಾವ ಗೋಡೆಯನ್ನೂ ಬಿಟ್ಟಿಲ್ಲ.
ಈ ಒಂದು ಗೋಡೆಯನ್ನಾದರೂ ಮುಟ್ಟದಿರಲಿ ಅಂತ
ನಡುವೆ ಎಣ್ಣೆ.

ಮೂರೂ ಹತ್ತಕ್ಕೆ ಕರೆಂಟು ಹೋಯಿತು.
ಪಂಪು ನಿಂತಿತು, ಫ್ಯಾನೂ.
ಹನಿಗಳು ಇದ್ದಲ್ಲೇ ನಿಂತು ಮುದಿಯಾದವು,
ಎರಡನೇ ಗೇಣಿನದು, ಹನ್ನೊಂದನೆಯದು,
ಎಲ್ಲ ಒಟ್ಟಿಗೆ. ಸ್ಕೇಲು ಸುಳ್ಳಾಯಿತು.

"ಎಲ್ಲಾ ಚೆಲ್ಲಬೇಕೇನೇ?" ಅಂದೆ.
ಅವಳು ದುಪಟ್ಟಾದಲ್ಲಿ ಬೆವರೊರೆಸಿಕೊಂಡು
ಬೀರುವಿನ ಬಾಗಿಲಿಗೆ ಅಂಟಿಸಿದ್ದ ಮ್ಯಾಗ್ನೆಟ್ ಕಿತ್ತು
ಕೊಳವೆಯ ಪಕ್ಕ ಹಿಡಿದಳು.

ಹನಿಯೊಳಗಿನ ಕಪ್ಪು ಮೆಲ್ಲಗೆ
ಅವಳ ಬೆರಳಿನ ಕಡೆ ತಿರುಗಿತು,
ಯಾರೋ ಹೆಸರು ಹಿಡಿದು ಕರೆದ ಹಾಗೆ.

ಕರೆಂಟು ಇನ್ನೂ ಬಂದಿರಲಿಲ್ಲ.