ಕೊನೆಯ ಆಮೆನ್

ಐದೂವರೆಗೆ ಪ್ರಾರ್ಥನೆ. ಆರೂಕಾಲಿಗೆ ಮುಗಿಯಲೇಬೇಕು,
ಆನೆ ಗಡಿಯಾರ ನೋಡಿ ಬರುವುದಿಲ್ಲ.
ಸಿದ್ದಾಪುರದಿಂದ ಮೂರು ಮೈಲಿ ತೋಟದೊಳಗೆ
ಲೈನ್‌ಮನೆ ಸಾಲಿನ ಕೊನೆಯ ಕೋಣೆ, ಅದೇ ನಮ್ಮ ದೇವಾಲಯ:
ಸಿಲ್ವರ್ ಓಕಿನ ಶಿಲುಬೆ, ಹಾಸಿದ ಕಾಫಿ ಗೋಣಿ,
ಕಲ್ಲು ಕೊಟ್ಟು ನಿಲ್ಲಿಸಿದ ಬಾಗಿಲು.
ಪಾದ್ರಿಗಳು ತಿಂಗಳಿಗೊಮ್ಮೆ ಜೀಪು ಹತ್ತಿ ಬರುತ್ತಾರೆ.
ಮಿಕ್ಕ ದಿನವೆಲ್ಲ ನಾವು, ನಮ್ಮ ಗಂಟಲು.

ನಾನು ಸುಗುಣ, ಡಿಸ್ಪೆನ್ಸರಿಯ ನರ್ಸು.
ಬೆಳಗ್ಗೆ ಅಯೋಡಿನ್ ಹಚ್ಚಿಸಿಕೊಂಡು ಹೋದ ಕೈಗಳು
ಸಂಜೆ ಇಲ್ಲಿ ಜೋಡಿಯಾಗುವುದನ್ನು ಕಾಣುತ್ತೇನೆ.
ಸವರಿಯಮ್ಮನ ಹೆಬ್ಬೆರಳಿಗೆ ಇನ್ನೂ ನನ್ನ ಪಟ್ಟಿ ಇದೆ,
ಹಣ್ಣಿನ ಕೆಂಪೋ ಗಾಯದ ಕೆಂಪೋ, ಪಟ್ಟಿ ಹೇಳುವುದಿಲ್ಲ.

ಕರ್ತನು ಕಲಿಸಿದ ಪ್ರಾರ್ಥನೆಯನ್ನು
ಒಟ್ಟಿಗೆ ಶುರುಮಾಡುತ್ತೇವೆ, ಒಟ್ಟಿಗೆ ಮುಗಿಸುವುದಿಲ್ಲ.
ಸವರಿಯಮ್ಮನದು ತಮಿಳು, ಅವಳಿಗೆ ಓಟ.
ರೈಟರ್ ಲಿಗೋರಿಯವರದು ಕೊಂಕಣಿ,
ತಕ್ಕಡಿಯ ಮುಳ್ಳು ನಿಂತ ಮೇಲೇ ಮುಂದಿನ ಮಾತು.
ನನ್ನದು ಬಾಸೆಲ್ ಮಿಶನ್ನಿನ ಅಜ್ಜಿ ಕಿವಿ ಹಿಂಡಿ ಕಲಿಸಿದ ಕನ್ನಡ.
ನಾಲ್ಕು ಮೂಟೆ ಹಣ್ಣು ಒಮ್ಮೆಗೇ ಕಣಕ್ಕೆ ಸುರಿದ ಸದ್ದು.
ಆಮೇಲೆ ಒಂದೊಂದೇ ಮೂಟೆ ಬರಿದಾಗಿ
ಪೈಲಿಯವರ ಮಲಯಾಳ ಮಾತ್ರ ಉಳಿಯುತ್ತದೆ.
ಹೋದ ಕಕ್ಕಡದಲ್ಲಿ ಅರ್ಧ ಬಾಯಿ ಜಡವಾಯಿತು ಅವರಿಗೆ.
ದಿನದ ಆಹಾರ ಕೇಳುವಲ್ಲಿ ನಾಲಿಗೆ ಹೂತುಕೊಳ್ಳುತ್ತದೆ:
ಆ… ಆ… ಆ…

ಒಪ್ಪಿಕೊಳ್ಳುತ್ತೇನೆ, ಮೊದಮೊದಲು ನಾನು ಕಾಯಲಿಲ್ಲ.
ಕಣ್ಣು ಮುಚ್ಚಿ ಮನಸ್ಸಿನಲ್ಲೇ ಮಾತ್ರೆ ಎಣಿಸುತ್ತಿದ್ದೆ.
ಒಮ್ಮೆ ಅವರ ಮಾತನ್ನು ನಾನೇ ಎತ್ತಿ ಮುಗಿಸಿಯೂ ಬಿಟ್ಟೆ.
ಪೈಲಿ ಸಿಟ್ಟಾಗಲಿಲ್ಲ. ಮೊದಲಿನಿಂದ ಶುರುಮಾಡಿದರು.

ಮೊನ್ನೆ ಗುರುವಾರ. ಹೂಮಳೆಗೆ ಕಾದು
ಗಿಡಗಳೆಲ್ಲ ಮೊಗ್ಗನ್ನು ಬಿಗಿಹಿಡಿದ ಹೊತ್ತು.
ಎಂದಿನಂತೆ ನಾವು ಮುಗಿಸಿ ಕೂತೆವು,
ಎಂದಿನಂತೆ ಅವರು: ಆ… ಆ…
ಮಕ್ಕಳೂ ಕಿಸಕ್ಕೆನ್ನಲಿಲ್ಲ, ಅಷ್ಟು ಅಭ್ಯಾಸ.
ಹೊಸ್ತಿಲ ಮೇಲೆ ಕೂತ ಎರವರ ಚೋಮಿ
(ದಿನಾ ಬರುತ್ತಾಳೆ. ಯಾವ ದೇವರಿಗೆಂದು
ನಾವು ಕೇಳಿಲ್ಲ, ಅವಳು ಹೇಳಿಲ್ಲ)
ಕೈಚಾಚಿ ಚಿಮಣಿ ದೀಪ ಆರಿಸಿದಳು.
ಆಗಲೂ ಕಾದೆವು,
ಮಿಸುಕದೆ, ಕೆಮ್ಮದೆ,
ಒಬ್ಬ ಮುದುಕನ ಬಾಯಿಗೆ ಆಹಾರ ಬರಲೆಂದು.
ಹೊರಗೆ ಬಾಳೆ ಮುರಿದ ಸದ್ದು. ಗೋಡೆಗೆ ಏನೋ ಉಜ್ಜಿತು.
ಹೆಂಚಿನ ಸಂದಿಯ ಮಣ್ಣುದುರಿ ನನ್ನ ತೋಳಿಗೆ ಬಿತ್ತು.
ನೆಂದ ಗೋಣಿಯಂಥ, ಹಳೆಯ ಕೆರೆಯಂಥ ಒಂದು ವಾಸನೆ
ಬಾಗಿಲಿನಿಂದ ಒಳಗೆ ಬಂತು, ನಿಂತಿತು, ಹೋಯಿತು.

ಎಷ್ಟು ಹೊತ್ತೋ. ಲಿಗೋರಿಯವರ ವಾಚು ನನಗೆ ಕೇಳುತ್ತಿತ್ತು.
ಕೊನೆಗೆ ಪೈಲಿ ಉಗುಳು ನುಂಗಿ ಮುಗಿಸಿದರು:
“ಆನ.”

ಆನೆ! ಆಹಾರವಲ್ಲ.
ಬಾಗಿಲಿಗೆ ಮುಖಮಾಡಿ ಕೂತಿದ್ದವರು ಅವರು, ಚೋಮಿ, ಇಬ್ಬರೇ.
ಸವರಿಯಮ್ಮ ಮೊದಲು ನಕ್ಕಳು, ಸೆರಗು ಬಾಯಿಗೆ ತುರುಕಿ;
ಆಮೇಲೆ ಲಿಗೋರಿ, ಜೀವಮಾನದಲ್ಲಿ ಒಂದು ಗ್ರಾಂ ಹೆಚ್ಚು ನಗದವರು.
ಪೈಲಿಯವರ ಅರ್ಧ ಬಾಯಿ ನಕ್ಕಿತು, ಇನ್ನರ್ಧ ಪ್ರಯತ್ನಪಟ್ಟಿತು.
ಚೋಮಿ ದೀಪ ಹಚ್ಚುತ್ತಾ ನಮ್ಮನ್ನು ನೋಡಿದಳು,
ಪುಂಡು ಮಕ್ಕಳನ್ನು ನೋಡುವ ಹಾಗೆ.

ಆನಂದವೆಂದರೆ ಬೆಟ್ಟದ ಮೇಲಿನ ಬೆಳಕು ಅಂದುಕೊಂಡಿದ್ದೆ, ಕರ್ತನೇ.
ಅದು ಗೋಣಿಯ ಮೇಲೆ ಹೊಟ್ಟೆ ಹಿಡಿದು ಉರುಳಾಡುತ್ತಿತ್ತು.

ನಗು ತಗ್ಗಿದಾಗ ನೆನಪಾಯಿತು, ಪ್ರಾರ್ಥನೆ ಇನ್ನೂ ಬಾಕಿ.
ಪೈಲಿ ಬಿಟ್ಟಲ್ಲಿಂದ ಹಿಡಿದರು: ಆ… ಆಹಾರ.
ಆಮೇಲೆ ತಪ್ಪು, ತಪ್ಪು ಮಾಡಿದವರು, ಶೋಧನೆ, ಕೇಡು,
ಒಂದೊಂದನ್ನೂ ಕಲ್ಲಿನಂತೆ ಎತ್ತಿ ಇಡುತ್ತಾ.
ಗಂಟೆ ಏಳು. ಯಾರೂ ಏಳಲಿಲ್ಲ.

ಎಡೆಬಿಡದೆ ಬೇಡು ಎನ್ನುತ್ತಿದ್ದಳು ಅಜ್ಜಿ.
ತಪ್ಪು ತಿಳಿಯಬೇಡ, ಅಜ್ಜಿ, ನಾನು ಸ್ವಲ್ಪ ಎಡೆ ಬಿಡುತ್ತೇನೆ.
ಅಲ್ಲಿ ಪೈಲಿ ಕೂರಲಿ.
ನಮ್ಮ ಆಮೆನ್ ಈಗ ಬೇಗ ಹೊರಬರುವುದಿಲ್ಲ,
ಬೆಲ್ಲದ ಚೂರಿನಂತೆ ದವಡೆಯಲ್ಲಿ ಇಟ್ಟುಕೊಂಡಿರುತ್ತೇವೆ
ಕೊನೆಯವರ ಆಮೆನ್ ಬರುವ ತನಕ.

ಮಾರನೆಯ ಬೆಳಗ್ಗೆ ಪೈಲಿಯವರ ಬಿಪಿ ನೂರೈವತ್ತು, ತೊಂಬತ್ತು.
ಉಪ್ಪು ಕಡಿಮೆ ಮಾಡಿ ಅಂದೆ.
ಆ… ಅಂದರು.
ಹೊರಗೆ ಕ್ಯೂ ಇತ್ತು.
ಕಾದೆ.