ನೆರಳಿನ ಸೀಟು

ಅರಗಾ ಕ್ವಾರ್ಟರ್ಸಿನ ನೌಕಾಪಡೆಯವರು
ರಜೆಗೆ ಹೋಗುವಾಗ ಭೋಲುವನ್ನು ಬಿಟ್ಟುಹೋದರು.
ಹಿಮದ ಊರಿನ ನಾಯಿ, ಮೈತುಂಬ ಕಂಬಳಿ.
ಆಮದಳ್ಳಿಯ ಏಪ್ರಿಲ್ಲಿಗೆ ಅದು ಬಂದದ್ದು
ತಪ್ಪು ಬಸ್ಸು ಹತ್ತಿದ ಹಾಗೆ.

ಇಪ್ಪತ್ತೆಂಟು ವರ್ಷ ಕಾರವಾರ–ಅಂಕೋಲಾ ರೂಟಿನಲ್ಲಿ
ಟಿಕೇಟು ಹರಿದವನು ನಾನು.
ಅಂಕೋಲಾಕ್ಕೆ ಹೋಗುವಾಗ ಬೆಳಗಿನ ಬಿಸಿಲು ಎಡಕ್ಕೆ,
ಮಧ್ಯಾಹ್ನದ ಮೇಲೆ ಬಲಕ್ಕೆ.
ಆದರೂ ಜನ ಬಲಕ್ಕೇ ಕೂತು ಬೇಯುತ್ತಿದ್ದರು,
ಸಮುದ್ರ ಕಾಣುತ್ತದೆ ಅಂತ.
ಭೋಲುವಿಗೆ ಸಮುದ್ರ ಬೇಡ.
ಎಂಟಕ್ಕೆ ಬಾವಿಕಟ್ಟೆಯ ಪಡುಬದಿ,
ಆಮೇಲೆ ಹಿತ್ತಲಿನ ಬಾಳೆಬುಡ.
ನೆರಳೆಲ್ಲ ಮರಗಳ ಕಾಲಡಿಗೆ ಸರಿದಾಗ
ನನ್ನ ಮುಖ ನೋಡುತ್ತದೆ,
ಸೀಟಿಲ್ಲವಾ ಎನ್ನುವ ಹಾಗೆ.

ಅಂಗಳದ ಚಿರೆಕಲ್ಲಿನ ಮೇಲೆ ಮೊದಲು ನನ್ನ ಬರಿಗಾಲು.
ಹತ್ತು ಎಣಿಸುವಷ್ಟು ನಿಲ್ಲಲಾಗದಿದ್ದರೆ
ಅದಕ್ಕೂ ಗೇಟು ಬಂದ್.
ಗೇರುಬೀಜ ಒಣಹಾಕಿದ ಕಡೆ ಬಂದ್.
ತೆಂಗಿನಡಿ, ಕಾಯಿ ಕೀಳಿಸುವ ತನಕ, ಬಂದ್.
ಸುಲಕ್ಷಾ ನಸುಕಿಗೇ ಎದ್ದು
ತಾನೇ ನೆಟ್ಟ ಕಣಗಿಲೆಯ ಉದುರಿದ ಹೂ
ಒಂದೂ ಬಿಡದೆ ಹೆಕ್ಕುತ್ತಾಳೆ.
"ದೇವರಿಗೆ ಆಗ್ತದೆ, ನಾಯಿಗೆ ಆಗೂದಿಲ್ಲ,
ಎಂಥಾ ಹೂವೋ ಇದು."
ಸಂಜೆ ಅದರ ಕಿವಿ ಮಡಚಿ ಉಣುಗು ಹುಡುಕುತ್ತಾಳೆ,
ಕನ್ನಡಕ ನನ್ನದು.

ಹೀಗೆ ಇರಲಿಲ್ಲ ನಾವು.

ಹೋದ ವರ್ಷ ಬೆಕ್ಕೊಂದಿತ್ತು, ಹೆಸರು ಪಾಸು.
ಕೇಳದೆ ಹತ್ತಿ, ಟಿಕೇಟಿಲ್ಲದೆ
ನಮ್ಮ ಹಾಸಿಗೆಯ ತನಕ ಬಂದಿತ್ತು.
ಗೆಣಸಿನ ಪಾತಿಗೆ ಹೆಗ್ಗಣ ಬಿತ್ತೆಂದು
ಬಾಳೆಹಣ್ಣಿನೊಳಗೆ ಇಲಿಮದ್ದು ಇಟ್ಟವನು ನಾನೇ.
ಹೆಗ್ಗಣ ಹಣ್ಣು ತಿಂದಿತು.
ಪಾಸು ಹೆಗ್ಗಣ ತಿಂದಿತು.
ಸುಲಕ್ಷಾ ಏನೂ ಅನ್ನಲಿಲ್ಲ.
ಮದ್ದಿನ ಪೊಟ್ಟಣದ ಸಣ್ಣ ಅಕ್ಷರಗಳನ್ನು
ಗಟ್ಟಿಯಾಗಿ ಓದಿದಳು, ಪೂರ್ತಿ,
ಕೊನೆಯ ಬೆಲೆಯವರೆಗೂ.

ಮುರುಗಲು ಮರದ ಕೆಳಗೆ ನಾನೇ ಅಗೆದೆ.

ಇವತ್ತು ಮಧ್ಯಾಹ್ನ ಭೋಲು ಕಾಣಲಿಲ್ಲ.
ಹಳೆಯ ಶೀಟಿ ಹುಡುಕಿ ಊದಿದೆ,
ನಿಲ್ಲಿಸು ಅನ್ನುವ ಒಂದೇ ಶೀಟಿ.
ಮುರುಗಲಿನ ಕೆಳಗೆ, ಸಡಿಲ ಮಣ್ಣು ಇನ್ನಷ್ಟು ಕೆದರಿ,
ಹೊಟ್ಟೆಯನ್ನು ತಂಪಿಗೆ ಒತ್ತಿ, ನಿದ್ದೆ.
ಅಲ್ಲೇ. ಸರಿಯಾಗಿ ಅಲ್ಲೇ.
ಎಬ್ಬಿಸಲು ಹೋದವನು
ಸುಲಕ್ಷಾಳ ಮುಖ ನೋಡಿದೆ.
"ಇರಲಿ, ಅಲ್ಲಿ ತಂಪುಂಟು," ಅಂದಳು.

ಕೊಡ ತಂದು ಸುತ್ತ ಮಣ್ಣಿಗೆ ನೀರು ಚಿಮುಕಿಸಿದೆ.
ನಾಯಿ ಕಣ್ಣು ತೆರೆಯದೆ
ಸ್ವಲ್ಪ ಸರಿಯಿತು, ಪಕ್ಕದಲ್ಲಿ
ಇನ್ನೊಬ್ಬರು ಕೂರುವಷ್ಟು.